ಮಳೆಗಾಲಕ್ಕೆ ಮೊದಲು ಬರೆದಿಡಿ: ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಹೊಸದಾಗಿ ಬರುವವರಿಗಾಗಿ ಡಾಕ್ಯುಮೆಂಟೇಶನ್

ಒಂದು ಜುಲೈನಲ್ಲಿ ನಮ್ಮೂರಿಗೆ ಆರು ದಿನ ಕರೆಂಟ್ ಇರಲಿಲ್ಲ. ಶಿರಸಿ ಪೇಟೆಯಿಂದ ಒಳಗೆ, ಘಟ್ಟದ ಅಂಚಿನ ಹಳ್ಳಿ ನಮ್ಮದು. ಮರ ಬಿದ್ದು ಲೈನ್ ಹರಿದಿತ್ತು. ಎರಡನೇ ದಿನಕ್ಕೆ ಮೊಬೈಲ್ ಸಿಗ್ನಲ್ಲೂ ಹೋಯಿತು. ಏಳನೇ ದಿನ ಪೇಟೆಗೆ ಬಂದು ಫೋನ್ ತೆರೆದರೆ ನಮ್ಮ ಆ್ಯಪಿನ ಕೋಡಿಗೆ ಕೈ ಜೋಡಿಸಲು ಬಂದ ಹೊನ್ನಾವರದ ಕಾಲೇಜು ಹುಡುಗಿಯೊಬ್ಬಳ ನಾಲ್ಕು ಮೆಸೇಜ್ ಇದ್ದವು. "ಸರ್, ಬಿಲ್ಡ್ ಆಗ್ತಾ ಇಲ್ಲ, ಜಾವಾ ಯಾವ ವರ್ಷನ್ ಬೇಕು?" ಎಂಬುದು ಮೊದಲನೆಯದು (ಬಿಲ್ಡ್ ಅಂದರೆ ಕೋಡಿನಿಂದ ಓಡುವ ಆ್ಯಪ್ ತಯಾರಿಸುವುದು). "ಟೆಸ್ಟ್ ಹೇಗೆ ಓಡಿಸೋದು?" ಎಂಬುದು ಎರಡನೆಯದು. "ಈ ಇಷ್ಯೂ ನಾನು ತಗೊಳ್ಳಬಹುದಾ, ಯಾರನ್ನಾದ್ರೂ ಕೇಳ್ಬೇಕಾ?" ಎಂದು ಮೂರನೆಯದು (ಇಷ್ಯೂ ಅಂದರೆ ಪ್ರಾಜೆಕ್ಟಿನಲ್ಲಿ ಬರೆದಿಟ್ಟ ದೋಷ ಅಥವಾ ಆಗಬೇಕಾದ ಕೆಲಸ). ನಾಲ್ಕನೆಯದರಲ್ಲಿ "ಪರವಾಗಿಲ್ಲ ಸರ್, ಆಮೇಲೆ ನೋಡ್ತೇನೆ" ಎಂದಿತ್ತು. ಆಮೇಲೆ ಅವಳು ಬರಲಿಲ್ಲ.

ಆ ಮೂರೂ ಪ್ರಶ್ನೆಗೆ ಉತ್ತರ ನನ್ನ ತಲೆಯಲ್ಲಿತ್ತು. ಎಲ್ಲೂ ಬರೆದಿರಲಿಲ್ಲ. ಸಹಾಯ ಮಾಡಲೆಂದು ಬಂದವಳನ್ನು ಜಗಲಿಯಲ್ಲಿ ಕೂರಿಸಿ, ಒಂದು ಲೋಟ ನೀರೂ ಕೊಡದೆ ಕಳಿಸಿದ ಹಾಗಾಯಿತು. ಆ ಬೇಸರ ಇನ್ನೂ ಇದೆ. ಆ ವರ್ಷದ ಮಳೆ ಮುಗಿಯುವ ಮೊದಲೇ ನಾವು ನಾಲ್ಕು ಜನ ಕೂತು ಡಾಕ್ಯುಮೆಂಟೇಶನ್ ಯೋಜನೆ ಮಾಡಿದೆವು. ಅಳತೆ ಒಂದೇ ಇಟ್ಟುಕೊಂಡೆವು: ಮೇಂಟೇನರ್, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವವರು, ಒಂದು ವಾರ ಸಿಗದಿದ್ದರೂ ಹೊಸಬರ ಕೆಲಸ ನಿಲ್ಲಬಾರದು.

ನಮ್ಮದು ಸಣ್ಣ ಓಪನ್ ಸೋರ್ಸ್ ಪ್ರಾಜೆಕ್ಟ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದು. ಅಡಿಕೆ ತೋಟದ ಲೆಕ್ಕ ಇಡುವ ಮೊಬೈಲ್ ಆ್ಯಪ್. ಗೊನೆ ಕೊಯ್ದ ದಿನ, ಒಣಗಿದ ಮೇಲಿನ ತೂಕ, ಆಳಿನ ಕೂಲಿ, ಔಷಧಿ ಹೊಡೆದ ದಿನ, ಇಷ್ಟನ್ನು ಬರೆದಿಡುತ್ತದೆ. ನಿಮ್ಮದು ಇನ್ನೇನೋ ಇರಬಹುದು. ಕನ್ನಡದ ಫಾಂಟ್, ನಿಘಂಟು, ಲೈಬ್ರರಿಯ ಸಾಫ್ಟ್‌ವೇರ್, ಮೀನುಗಾರರಿಗೆ ಗಾಳಿ-ಅಲೆ ತೋರಿಸುವ ಪುಟ, ಏನೇ ಆದರೂ ಕೆಳಗಿನ ಹೆಜ್ಜೆಗಳು ಬಹುಪಾಲು ಅವೇ.

ಕೇಳಿದ ಪ್ರಶ್ನೆಗಳನ್ನು ಒಟ್ಟು ಮಾಡಿ

ಬರೆಯಲು ಕೂರುವ ಮೊದಲು ಒಂದು ಭಾನುವಾರ ಇದಕ್ಕೇ ಕೊಡಿ. ಕಳೆದ ಆರು ತಿಂಗಳಲ್ಲಿ ನಿಮ್ಮನ್ನು ಯಾರು ಏನು ಕೇಳಿದರು ಎಂದು ಹುಡುಕಿ. ವಾಟ್ಸಾಪ್ ಗ್ರೂಪು, ಇಮೇಲು, ಇಷ್ಯೂಗಳು, ಫೋನಿನಲ್ಲಿ ಕೇಳಿದ್ದು, ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತಾಗ ಕೇಳಿದ್ದು ಕೂಡ ಬರಲಿ. ಒಂದು ಶೀಟಿನಲ್ಲಿ ಮೂರು ಕಾಲಮ್ ಮಾಡಿ: ಪ್ರಶ್ನೆ, ಕೇಳಿದವರು ಎಂಥವರು, ಅವರು ಆಮೇಲೆ ಕೆಲಸ ಮುಗಿಸಿದರೋ ಬಿಟ್ಟು ಹೋದರೋ.

ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. "ಡಿಪೆಂಡೆನ್ಸಿ ಸಮಸ್ಯೆ" ಎಂದು ನಿಮ್ಮ ಭಾಷೆಗೆ ತಿರುಗಿಸಿದರೆ ಅರ್ಧ ಮಾಹಿತಿ ಹೋಯಿತು. "ಕೆಂಪು ಅಕ್ಷರದಲ್ಲಿ ಉದ್ದಕ್ಕೆ ಏನೋ ಬಂತು, ಹೆದರಿ ಮುಚ್ಚಿದೆ" ಎಂದು ಅವರು ಹೇಳಿದ್ದರೆ ಹಾಗೇ ಬರೆಯಿರಿ. ಅಲ್ಲಿ ಬೇಕಾದದ್ದು "ಕೆಂಪು ಅಕ್ಷರ ಬಂದರೆ ಹೆದರಬೇಡಿ, ಕೊನೆಯ ಸಾಲು ಮಾತ್ರ ಓದಿ" ಎಂಬ ಒಂದು ವಾಕ್ಯ ಎಂದು ಆಗ ತಿಳಿಯುತ್ತದೆ.

ನಮ್ಮ ಶೀಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರಶ್ನೆ ಮೊದಲ ದಿನದ ಸೆಟಪ್ ಬಗ್ಗೆಯೇ ಇತ್ತು. ಕೋಡಿನ ಒಳರಚನೆ ಬಗ್ಗೆ ಕೇಳಿದವರು ಒಬ್ಬರೋ ಇಬ್ಬರೋ. ಅಷ್ಟರವರೆಗೆ ನಾನು ಬರೆಯಬೇಕೆಂದುಕೊಂಡಿದ್ದು ಒಳರಚನೆಯ ಬಗ್ಗೆ. ಈ ಪಟ್ಟಿ ಮಾಡದಿದ್ದರೆ ಯಾರೂ ಕೇಳದ್ದನ್ನು ಬರೆಯುತ್ತಾ ತಿಂಗಳು ಕಳೆಯುತ್ತಿದ್ದೆ.

ಯಾರು ಬರುತ್ತಾರೆ ನೋಡಿ

ಪಟ್ಟಿಯನ್ನು ಎರಡನೇ ಸಲ ಓದುವಾಗ ಬರುವವರ ಗುಂಪು ತಾನಾಗಿಯೇ ಕಾಣುತ್ತದೆ. ನಮ್ಮಲ್ಲಿ ನಾಲ್ಕು ಕಂಡವು. ಆ್ಯಪ್ ಬಳಸುವ ತೋಟದವರು, ಅವರಿಗೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂದರೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅನುವಾದ ಮತ್ತು ಭಾಷೆ ತಿದ್ದುವವರು, ಹೆಚ್ಚಿನವರು ಶಾಲೆ ಮೇಷ್ಟ್ರು, ಪತ್ರಿಕೆಗೆ ಬರೆಯುವವರು. ಕೋಡ್ ಬರೆಯುವ ವಿದ್ಯಾರ್ಥಿಗಳು. ಇನ್ನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ರಜೆಯಲ್ಲಿ ಊರಿಗೆ ಬಂದಾಗ ಎರಡು ದಿನ ಕೂರುವವರು.

ಪ್ರತಿ ಗುಂಪಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇವರು ಬಂದ ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಿ ಮುಗಿಸಿದರೆ ಖುಷಿಯಿಂದ ಮರಳಿ ಬರುತ್ತಾರೆ? ಅನುವಾದಕರಿಗೆ ಅದು ಐದು ವಾಕ್ಯ ತಿದ್ದುವುದು. ವಿದ್ಯಾರ್ಥಿಗೆ ಆ್ಯಪನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡುವುದು. ತೋಟದವರಿಗೆ ತಮ್ಮ ದೂರು ಯಾರಿಗೋ ತಲುಪಿತು ಎಂದು ಗೊತ್ತಾಗುವುದು. ಡಾಕ್ಯುಮೆಂಟೇಶನ್ ಅಂದರೆ ಈ ದಾರಿಗಳು. ನಾಲ್ಕು ದಾರಿಯನ್ನೂ ಒಟ್ಟಿಗೆ ಕಟ್ಟಲು ಹೋಗಬೇಡಿ. ಜನ ಹೆಚ್ಚು ಬಿಟ್ಟು ಹೋದ ದಾರಿಯನ್ನು ಮೊದಲು ಸರಿ ಮಾಡಿ.

ಯಾವ ಫೈಲಿನಲ್ಲಿ ಏನು

ಇದು ಬೇಗ ಮುಗಿಯುವ ಹೆಜ್ಜೆ, ಏಕೆಂದರೆ ಪದ್ಧತಿ ಆಗಲೇ ಇದೆ. ರೀಡ್‌ಮಿ ಮನೆಯ ಹೆಬ್ಬಾಗಿಲು. ಪ್ರಾಜೆಕ್ಟ್ ಏನು, ಯಾರಿಗೆ, ಹೇಗೆ ಬಳಸುವುದು, ಸಹಾಯ ಮಾಡಬೇಕೆಂದರೆ ಎಲ್ಲಿಗೆ ಹೋಗುವುದು, ಇಷ್ಟು ಒಂದು ಪುಟದಲ್ಲಿ ಸಾಕು. ಕೈ ಜೋಡಿಸುವವರಿಗೆ ಬೇಕಾದ ವಿವರ ಕಾಂಟ್ರಿಬ್ಯೂಟಿಂಗ್ ಎಂಬ ಫೈಲಿನಲ್ಲಿ ಇರಲಿ. ಕೋಡ್ ಇಟ್ಟು ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿ ಈ ಹೆಸರಿನ ಫೈಲ್ ಇದ್ದರೆ, ಯಾರಾದರೂ ಹೊಸ ಇಷ್ಯೂ ಅಥವಾ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆಯುವಾಗ ಅದರ ಲಿಂಕ್ ತಾನಾಗಿ ಕಾಣುತ್ತದೆ. ಕೋಡ್ ಆಫ್ ಕಾಂಡಕ್ಟ್ (ನಡವಳಿಕೆಯ ನಿಯಮ), ಸೆಕ್ಯೂರಿಟಿ, ಲೈಸೆನ್ಸ್ ಫೈಲುಗಳಿಗೂ ಗಿಟ್‌ಹಬ್ ಜಾಗ ಮಾಡಿಟ್ಟಿದೆ. ಇನ್‌ಸೈಟ್ಸ್ ಎಂಬಲ್ಲಿ ಕಮ್ಯೂನಿಟಿ ಸ್ಟ್ಯಾಂಡರ್ಡ್ಸ್ ಪುಟ ತೆರೆದರೆ ಯಾವುದಿದೆ, ಯಾವುದಿಲ್ಲ ಎಂದು ತೋರಿಸುತ್ತದೆ.

ಲೈಸೆನ್ಸ್ ಮಾತ್ರ ಮರೆಯಬೇಡಿ. ಅದಿಲ್ಲದೆ ಕೋಡನ್ನು ಸುಮ್ನೆ ಇಂಟರ್ನೆಟ್ಟಿನಲ್ಲಿ ಹಾಕಿದರೆ ಅದು ಓಪನ್ ಸೋರ್ಸ್ ಆಗುವುದಿಲ್ಲ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಯ ಲೆಕ್ಕದಲ್ಲೇ ಇಡುತ್ತದೆ. ಬರೆದವರು ಅನುಮತಿ ಕೊಡದೆ ಬೇರೆಯವರು ಅದನ್ನು ಬದಲಿಸಿ ಹಂಚುವಂತಿಲ್ಲ. ಎಂಐಟಿ ಲೈಸೆನ್ಸ್ ಬೇಕೋ ಜಿಪಿಎಲ್ ಲೈಸೆನ್ಸ್ ಬೇಕೋ ನೀವು ತೀರ್ಮಾನಿಸಿ. ಕೈಪಿಡಿ, ಚಿತ್ರ, ಪದಪಟ್ಟಿಗಳಿಗೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಹೊಂದುತ್ತದೆ. ಕೊಡುಗೆ ಕೊಡುವವರ ಬರಹವೂ ಇದೇ ಲೈಸೆನ್ಸಿನಡಿ ಬರುತ್ತದೆ ಎಂಬ ಒಂದು ಸಾಲು ಕಾಂಟ್ರಿಬ್ಯೂಟಿಂಗ್ ಫೈಲಿನಲ್ಲಿ ಮೊದಲ ದಿನವೇ ಇರಲಿ. ಐವತ್ತು ಜನ ಸೇರಿದ ಮೇಲೆ ಎಲ್ಲರನ್ನೂ ಹುಡುಕಿ ಒಪ್ಪಿಗೆ ಕೇಳುವುದು ಬಹಳ ಕಷ್ಟ.

ಮೊದಲ ದಿನದ ದಾರಿ, ಮತ್ತು ಕತ್ತಿ ಅದ್ದಿ ನೋಡುವುದು

ಸೆಟಪ್ ಗೈಡ್ ಬರೆಯುವಾಗ ನನಗೆ ನೆನಪಾದದ್ದು ಅಪ್ಪ ಬೋರ್ಡೋ ದ್ರಾವಣ ಮಾಡುತ್ತಿದ್ದ ರೀತಿ. ಅಡಿಕೆ ಬೆಳೆಯುವವರಿಗೆ ಇದು ಹೊಸದಲ್ಲ. ಕೊಳೆರೋಗ ಬರದ ಹಾಗೆ ಮಳೆಗಾಲದ ಆರಂಭಕ್ಕೆ ಒಂದು ಸಲ, ಸುಮಾರು 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯುತ್ತಾರೆ. ಒಂದು ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಒಂದು ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ. ಕಬ್ಬಿಣದ ಪಾತ್ರೆ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು ಕಲಕಬೇಕು. ಅಪ್ಪ ಇಷ್ಟು ಹೇಳಿ ಸುಮ್ಮನಾಗುತ್ತಿರಲಿಲ್ಲ. "ಈಗ ಕತ್ತಿ ತಾ" ಎನ್ನುತ್ತಿದ್ದರು. ಚೆನ್ನಾಗಿ ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಜಾಸ್ತಿಯಾಗಿದೆ ಎಂದರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಬೇಕು. ಕೆಂಪು ಬರದಿದ್ದರೆ ಹೊಡೆಯಲು ಅಡ್ಡಿಯಿಲ್ಲ.

ನಿಮ್ಮ ಸೆಟಪ್ ಗೈಡಿನ ಪ್ರತಿ ಹೆಜ್ಜೆಗೂ ಇಂಥ ಒಂದು ಕತ್ತಿ ಬೇಕು. "ಈ ಕಮಾಂಡ್ ಕೊಡಿ" ಎಂದು ಬರೆದು ನಿಲ್ಲಿಸಬೇಡಿ. ಕೊಟ್ಟ ಮೇಲೆ ಪರದೆಯಲ್ಲಿ ಏನು ಕಾಣಬೇಕು, ಎಷ್ಟು ಹೊತ್ತು ಕಾಯಬೇಕು, ಬೇರೆ ಏನಾದರೂ ಕಂಡರೆ ಏನು ಮಾಡಬೇಕು, ಮೂರನ್ನೂ ಬರೆಯಿರಿ. ಬಿಲ್ಡ್ ಹದಿನೈದು ನಿಮಿಷ ತಗೊಳ್ಳುತ್ತದೆ ಎಂದು ಹೇಳದಿದ್ದರೆ ಹೊಸಬರು ಐದು ನಿಮಿಷಕ್ಕೆ ಕೆಟ್ಟಿತು ಎಂದುಕೊಂಡು ನಿಲ್ಲಿಸುತ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಇನ್ನೂ ಒಂದು ವಿಷಯ ಬರೆಯಲೇಬೇಕು, ಡೌನ್‌ಲೋಡ್ ಎಷ್ಟು ದೊಡ್ಡದು ಎಂಬುದು. ಆಂಡ್ರಾಯ್ಡ್ ಆ್ಯಪ್ ಬಿಲ್ಡ್ ಮಾಡುವ ಪರಿಕರಗಳು ಜಿಬಿಗಟ್ಟಲೆ ಇವೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಶುರು ಮಾಡಿದರೆ ದಿನದ ಡೇಟಾ ಅಲ್ಲೇ ಮುಗಿಯುತ್ತದೆ. ಹಾಗಾಗಿ ಗೈಡಿನ ಮೊದಲ ಸಾಲಿನಲ್ಲೇ "ಇದನ್ನು ಕಾಲೇಜಿನ ಅಥವಾ ಮನೆಯ ವೈಫೈಯಲ್ಲಿ ಮಾಡಿ, ಉಳಿದದ್ದು ಆಫ್‌ಲೈನ್ ಆಗುತ್ತದೆ" ಎಂದು ಬರೆದೆವು. ಹಳೆಯ ಇತಿಹಾಸವೆಲ್ಲ ಬೇಡದವರಿಗೆ ಗಿಟ್ ಕ್ಲೋನ್ ಮಾಡುವಾಗ (ಕೋಡಿನ ನಕಲು ಇಳಿಸಿಕೊಳ್ಳುವಾಗ) ಡೆಪ್ತ್ 1 ಎಂಬ ಆಯ್ಕೆ ಕೊಟ್ಟರೆ ಇತ್ತೀಚಿನ ಪ್ರತಿ ಮಾತ್ರ ಇಳಿಯುತ್ತದೆ. ಆ ಸಾಲನ್ನೂ ಸೇರಿಸಿ.

ಬರೆದು ಮುಗಿಸಿದ ಮೇಲೆ ಪರೀಕ್ಷೆ ಮಾಡಿ. ಈ ಕೆಲಸ ಯಾವತ್ತೂ ಮಾಡದ ಒಬ್ಬರನ್ನು ಕರೆಯಿರಿ. ಅವರ ಲ್ಯಾಪ್‌ಟಾಪಿನಲ್ಲಿ, ಅವರ ಕೈಯಲ್ಲೇ ಮಾಡಿಸಿ. ನೀವು ಪಕ್ಕದಲ್ಲಿ ಕೂತು ಬಾಯಿ ಬಿಡಬಾರದು. ಇದು ಕಷ್ಟದ ಕೆಲಸ, ಕೈ ತುರಿಸುತ್ತದೆ. ಆದರೂ ಸುಮ್ಮನಿರಿ. ಅವರು ಎಲ್ಲಿ ನಿಂತರು, ಎಲ್ಲಿ ಹಿಂದೆ ಹೋಗಿ ಓದಿದರು, ಎಲ್ಲಿ ನಿಮ್ಮ ಮುಖ ನೋಡಿದರು ಎಂದು ಬರೆದುಕೊಳ್ಳುತ್ತಾ ಹೋಗಿ. ಮುಖ ನೋಡಿದ ಪ್ರತಿ ಜಾಗದಲ್ಲೂ ಒಂದು ವಾಕ್ಯ ಕಡಿಮೆಯಿದೆ. ಕುಮಟಾದ ಗೆಳೆಯನ ತಂಗಿ ನಮಗೆ ಹೀಗೆ ಒಂದು ಮಧ್ಯಾಹ್ನ ಕೊಟ್ಟಳು. ನಾವು ಮೂರು ತಿಂಗಳಲ್ಲಿ ಕಾಣದ ತಪ್ಪನ್ನು ಅವಳು ಎರಡು ಗಂಟೆಯಲ್ಲಿ ತೋರಿಸಿದಳು.

"ಕೊನೆ ದಿನ" ಎಂದರೆ ಯಾವ ದಿನ?

ಹೆಚ್ಚಿನ ಪ್ರಾಜೆಕ್ಟುಗಳು ಬಿಟ್ಟುಬಿಡುವ, ನನ್ನ ಪ್ರಕಾರ ಬಹಳ ಮುಖ್ಯವಾದ ಬರಹವೆಂದರೆ ಪದಪಟ್ಟಿ. ನಮ್ಮ ಆ್ಯಪಿನಲ್ಲಿ "ಕೊನೆ ದಿನ" ಎಂಬ ಒಂದು ಖಾನೆ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೊನೆ ಎಂದರೆ ಅಡಿಕೆ ಗೊನೆ. ಕೊನೆ ಕೊಯ್ಲು, ಅದನ್ನು ಇಳಿಸುವ ಕೊನೆಗೌಡ, ಎಲ್ಲ ಅದರಿಂದಲೇ ಬಂದದ್ದು. ಕೊನೆ ದಿನ ಎಂದರೆ ಗೊನೆ ಇಳಿಸಿದ ದಿನ. ಬಯಲುಸೀಮೆಯ ಒಬ್ಬರು ತುಂಬ ಆಸಕ್ತಿಯಿಂದ ಸೇರಿಕೊಂಡರು. ಅದನ್ನು ಕಡೆಯ ದಿನಾಂಕ ಎಂದು ಓದಿದರು. ಆ ದಿನ ದಾಟಿದ ಮೇಲೆ ಲೆಕ್ಕ ಬರೆಯಲು ಬಿಡದ ಹಾಗೆ ಒಂದು ವಾರ ಕೂತು ಕೋಡ್ ಬರೆದರು. ಕೋಡ್ ಅಚ್ಚುಕಟ್ಟಾಗಿತ್ತು, ಟೆಸ್ಟೂ ಇದ್ದವು. ಅವರ ತಪ್ಪು ಏನೂ ಇರಲಿಲ್ಲ. ಅವರ ಒಂದು ವಾರ ನಾವು ಬರೆಯದ ಒಂದು ಸಾಲಿನಿಂದ ಹಾಳಾಯಿತು.

ಪದಪಟ್ಟಿಯಲ್ಲಿ ಪ್ರತಿ ಪದಕ್ಕೆ ಅರ್ಥ, ಒಂದು ಉದಾಹರಣೆ, ಕೋಡಿನಲ್ಲಿ ಅದಕ್ಕೆ ಇರುವ ಹೆಸರು, ಮೂರನ್ನೂ ಕೊಡಿ. ಚಾಲಿ ಎಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿದದ್ದು. ಕೆಂಪಡಿಕೆ ಎಂದರೆ ಬಲಿಯುವ ಮೊದಲೇ ಕೊಯ್ದು, ಸುಲಿದು, ಬೇಯಿಸಿ ಒಣಗಿಸಿದ್ದು. ಈ ಎರಡರ ಕ್ರಮ ಗೊತ್ತಿಲ್ಲದವರು ತೂಕದ ಲೆಕ್ಕದ ಕೋಡ್ ಬರೆದರೆ ಯಾವ ಹಂತದಲ್ಲಿ ತೂಕ ಇಳಿಯುತ್ತದೆ ಎಂದು ತಿಳಿಯುವುದೇ ಇಲ್ಲ. ರಾಶಿ, ಬೆಟ್ಟೆ, ಕೋಕಾ, ಬಿಳಿಗೋಟು, ಕೆಂಪುಗೋಟು ಎಂಬ ಮಾರುಕಟ್ಟೆಯ ಹೆಸರುಗಳನ್ನು ಇಲ್ಲಿ ಎಲ್ಲರೂ ಬಾಯಲ್ಲೇ ಕಲಿತದ್ದು. ಶಿರಸಿಯ ತೋಟಗಾರರ ಸೇಲ್ ಸೊಸೈಟಿ 1923ರಲ್ಲಿ ಶುರುವಾದದ್ದು, ಅಷ್ಟು ಹಳೆಯ ಪೇಟೆ ಇದು. ಹೊರಗಿನಿಂದ ಬಂದ ಪ್ರೋಗ್ರಾಮರ್‌ಗೆ ಈ ಹೆಸರುಗಳ ವ್ಯತ್ಯಾಸವನ್ನು ನಾವಲ್ಲದೆ ಯಾರು ಹೇಳಬೇಕು? ಈ ಪಟ್ಟಿ ಮಾಡಲು ನಾವು ಕೋಡ್ ಬರೆಯುವವರನ್ನು ಕರೆಯಲಿಲ್ಲ. ಅಡಿಕೆ ಸುಲಿಯುವಾಗ ಅಮ್ಮ, ದೊಡ್ಡಮ್ಮ, ಪಕ್ಕದ ಮನೆಯವರು ಕೂತಿದ್ದಲ್ಲೇ ನೋಟ್‌ಬುಕ್ ಹಿಡಿದು ಕೂತೆ. ಅವರ ಹೆಸರೂ ಕೊಡುಗೆದಾರರ ಪಟ್ಟಿಯಲ್ಲಿದೆ, ಕೇಳಿ ಒಪ್ಪಿದ ಮೇಲೆ ಹಾಕಿದ್ದು.

ಭಾಷೆ ತಿದ್ದುವವರಿಗೂ ಬೇರೆಯೇ ಒಂದು ಪುಟ ಬೇಕು. ಅದರಲ್ಲಿ ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರಸಂಕೇತದ, ವಿಷಯ ಮೊದಲಿರಲಿ. ಹಿರಿಯರು ಇನ್ನೂ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಅವರ ಪರದೆಯಲ್ಲಿ ಚಂದದ ಕನ್ನಡ ಕಾಣುತ್ತದೆ, ನಮ್ಮಲ್ಲಿಗೆ ಬಂದಾಗ ಇಂಗ್ಲಿಷ್ ಅಕ್ಷರಗಳ ರಾಶಿ. ನಮಗೆ ಒಬ್ಬರು ಇನ್ನೂರು ವಾಕ್ಯ ಹಾಗೆ ಕಳಿಸಿದ್ದರು. ಕನ್ವರ್ಟರಿಗೆ ಹಾಕಿ ಉಳಿಸಿಕೊಂಡೆವು, ಆದರೂ ಒತ್ತಕ್ಷರ ಅಲ್ಲಲ್ಲಿ ಕೆಟ್ಟಿತು. "ಸಾಫ್ಟ್‌ವೇರ್" ಎಂದು ಬರೆಯುವಾಗ ವ ಅಕ್ಷರ ಒತ್ತಾಗಿ ಕೆಳಗೆ ಹೋಗದ ಹಾಗೆ ನಡುವೆ ಹಾಕುವ ಕಾಣದ ಅಕ್ಷರದ ಬಗ್ಗೆಯೂ ಬರೆಯಿರಿ, ಅದನ್ನು ಅವರ ಕೀಬೋರ್ಡಿನಲ್ಲಿ ಹೇಗೆ ಹಾಕುವುದು ಎಂದೂ ತೋರಿಸಿ. ಅನುವಾದಕರಿಗೆ ಗಿಟ್ ಕಲಿಸುವ ಅಗತ್ಯವಿಲ್ಲ. ವೆಬ್‌ಲೇಟ್‌ನಂಥ ಪರಿಕರದಲ್ಲಿ ಬ್ರೌಸರಿನಲ್ಲೇ ವಾಕ್ಯ ತಿದ್ದಬಹುದು, ಅದು ತಾನೇ ಗಿಟ್ಟಿಗೆ ಸೇರಿಸುತ್ತದೆ.

ಯಾವುದು ಕನ್ನಡದಲ್ಲಿ, ಯಾವುದು ಇಂಗ್ಲಿಷಿನಲ್ಲಿ ಎಂಬ ಚರ್ಚೆ ನಮ್ಮಲ್ಲಿ ಬಹಳ ದಿನ ನಡೆಯಿತು. ಬಳಸುವವರ ಕೈಪಿಡಿ, ದೂರು ಹೇಳುವ ಪುಟ, ಅನುವಾದಕರ ಪುಟ, ನಡವಳಿಕೆಯ ನಿಯಮ ಕನ್ನಡದಲ್ಲೇ ಮೊದಲು ಬರೆದೆವು. ಸೆಟಪ್ ಗೈಡ್ ಎರಡರಲ್ಲೂ ಇದೆ. ಕೋಡಿನ ಒಳವಿವರ ಇಂಗ್ಲಿಷಿನಲ್ಲಿ ಮಾತ್ರ. ಎಲ್ಲವನ್ನೂ ಎರಡು ಭಾಷೆಯಲ್ಲಿ ಇಡಲು ಹೋದರೆ ಒಂದು ಹಳತಾಗಿ ದಾರಿ ತಪ್ಪಿಸುತ್ತದೆ. ಎರಡು ಭಾಷೆ ಇರುವ ಪುಟದ ತಲೆಯಲ್ಲಿ ಯಾವ ದಿನಾಂಕದವರೆಗೆ ಸರಿಯಿದೆ ಎಂದು ಹಾಕಿ. ಕಾರವಾರದ ಕಡೆ ಮನೆಮಾತು ಕೊಂಕಣಿ ಇರುವವರೇ ಹೆಚ್ಚು. ಕೊಂಕಣಿಯನ್ನು ಕನ್ನಡ ಲಿಪಿಯಲ್ಲೂ ದೇವನಾಗರಿಯಲ್ಲೂ ಬರೆಯುತ್ತಾರೆ. ಆ ಭಾಷೆ ಸೇರಿಸುವ ಮೊದಲು ಯಾವ ಲಿಪಿ ಎಂದು ಅಲ್ಲಿಯವರನ್ನೇ ಕೇಳಿ.

ದೂರು ತಲುಪುವ ದಾರಿ

ನಮ್ಮ ಹೆಚ್ಚಿನ ಬಗ್‌ಗಳು ವಾಯ್ಸ್ ಮೆಸೇಜಿನಲ್ಲಿ ಬರುತ್ತವೆ. "ತಮಾ, ಚಾಲಿ ತೂಕ ಹಾಕಿರೆ ಆ್ಯಪು ಮುಚ್ಚಿ ಹೋಗ್ತು." ಇದು ಒಳ್ಳೆಯ ಬಗ್ ರಿಪೋರ್ಟ್. ಏನು ಮಾಡಿದರು, ಏನಾಯಿತು, ಎರಡೂ ಇದೆ. ಗಿಟ್‌ಹಬ್‌ನಲ್ಲಿ ಖಾತೆ ತೆರೆದು ಇಷ್ಯೂ ಹಾಕಿ ಎಂದು ಅವರಿಗೆ ಹೇಳಿದರೆ ಆ ದೂರು ಬರುವುದೇ ನಿಲ್ಲುತ್ತದೆ. ಹಾಗಾಗಿ ವಾಯ್ಸ್ ಮೆಸೇಜ್ ಕೇಳಿ ಇಷ್ಯೂ ಆಗಿ ಬರೆಯುವ ಕೆಲಸವನ್ನೇ ಒಂದು ಕೊಡುಗೆ ಎಂದು ಬರೆದಿಟ್ಟೆವು. ಯಾರು ಮಾಡಬೇಕು, ಹೇಗೆ ಮಾಡಬೇಕು, ಹೇಳಿದವರಿಗೆ ಮರಳಿ ಯಾವಾಗ ತಿಳಿಸಬೇಕು ಎಂದು ಆ ಪುಟದಲ್ಲಿದೆ. ಕೋಡ್ ಬಾರದವರು ಪ್ರಾಜೆಕ್ಟಿಗೆ ಸೇರಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಂಡಿಲ್ಲ.

ಇಷ್ಯೂ ಟೆಂಪ್ಲೇಟಿನಲ್ಲಿ ಪ್ರಶ್ನೆ ಕಡಿಮೆ ಇಡಿ. ಏನು ಮಾಡಲು ಹೋದಿರಿ, ಏನಾಯಿತು, ಏನಾಗಬೇಕಿತ್ತು, ಯಾವ ಫೋನ್, ಆ್ಯಪಿನ ಯಾವ ವರ್ಷನ್. ಅಷ್ಟೇ. ಒಂದು ಎಚ್ಚರಿಕೆ ಮಾತ್ರ ದಪ್ಪ ಅಕ್ಷರದಲ್ಲಿರಲಿ: ಸ್ಕ್ರೀನ್‌ಶಾಟ್ ಹಾಕುವ ಮೊದಲು ಹೆಸರು, ಹಣದ ಲೆಕ್ಕ ಮುಚ್ಚಿ. ಆಳುಗಳ ಹೆಸರು, ಕೂಲಿ, ಮುಂಗಡ ಎಲ್ಲ ಕಾಣುವ ಚಿತ್ರವನ್ನು ಲೋಕಕ್ಕೆಲ್ಲ ತೆರೆದಿಟ್ಟರೆ ಅದು ಆ ಆಳಿಗೆ ಮಾಡಿದ ಅನ್ಯಾಯ. ಭದ್ರತೆಯ ದೋಷ ಕಂಡರೆ ಇಷ್ಯೂ ಹಾಕದೆ ಖಾಸಗಿಯಾಗಿ ತಿಳಿಸುವ ವಿಳಾಸವನ್ನು ಸೆಕ್ಯೂರಿಟಿ ಫೈಲಿನಲ್ಲಿ ಬರೆಯಿರಿ.

ಹೊಸಬರಿಗೆ ಎತ್ತಿಟ್ಟ ಕೆಲಸ

ಗಿಟ್‌ಹಬ್‌ನಲ್ಲಿ ಹೊಸ ರೆಪಾಸಿಟರಿ (ಪ್ರಾಜೆಕ್ಟಿನ ಫೈಲುಗಳನ್ನೆಲ್ಲ ಇಡುವ ಜಾಗ) ತೆರೆದಾಗಲೇ "ಗುಡ್ ಫಸ್ಟ್ ಇಷ್ಯೂ" ಎಂಬ ಲೇಬಲ್ ಬಂದಿರುತ್ತದೆ. ಅದನ್ನು ಅಂಟಿಸಿದರೆ ಸಾಲದು. ಯಾವ ಫೈಲಿನಲ್ಲಿ ಬದಲಾವಣೆ, ಈಗ ಹೇಗಿದೆ, ಹೇಗಾಗಬೇಕು, ಸರಿಯಾಯಿತೆಂದು ನೋಡುವುದು ಹೇಗೆ, ಇಷ್ಟು ಬರೆಯಿರಿ. ಹತ್ತು ನಿಮಿಷದಲ್ಲಿ ನೀವೇ ಮಾಡಿ ಮುಗಿಸಬಹುದಾದ ಕೆಲಸಕ್ಕೆ ಇಪ್ಪತ್ತು ನಿಮಿಷ ಕೂತು ವಿವರಣೆ ಬರೆಯಬೇಕಾಗುತ್ತದೆ. ಬರೆಯಿರಿ. ಆಮೇಲೆ ಆಸೆಯಾದರೂ ಅದನ್ನು ಮುಟ್ಟಬೇಡಿ, ಹೊಸಬರಿಗೆ ಬಿಡಿ. ಇಷ್ಯೂ ತೆಗೆದುಕೊಳ್ಳಲು ಯಾರ ಅನುಮತಿಯೂ ಬೇಡ, ಒಂದು ಕಮೆಂಟ್ ಹಾಕಿ ಶುರು ಮಾಡಿ, ಎರಡು ವಾರ ಸುದ್ದಿಯಿಲ್ಲದಿದ್ದರೆ ಬೇರೆಯವರು ತಗೊಳ್ಳಬಹುದು ಎಂಬ ನಿಯಮವನ್ನೂ ಬರೆದೆವು. ಹೊನ್ನಾವರದ ಹುಡುಗಿಯ ಮೂರನೇ ಪ್ರಶ್ನೆಗೆ ಉತ್ತರ ಇದು.

ಯಾವ ಬದಲಾವಣೆ ಬೇಡ ಎಂಬುದನ್ನೂ ಹೇಳಿ. 2014ರಲ್ಲಿ ಡಿಜಿಟಲ್‌ಓಷನ್ ಎಂಬ ಕಂಪನಿ ಶುರು ಮಾಡಿದ, ಅಕ್ಟೋಬರಿನಲ್ಲಿ ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಟೀ ಶರ್ಟಿಗಾಗಿ ರೀಡ್‌ಮಿಯಲ್ಲಿ ಒಂದು ಪದ ಬದಲಿಸಿ ಕಳಿಸುವವರ ಪ್ರವಾಹವೇ ಬಂತು. ಮೇಂಟೇನರ್‌ಗಳು ಸೋತು ಹೋದರು. ಕೊನೆಗೆ ಒಪ್ಪಿದ ಪ್ರಾಜೆಕ್ಟುಗಳನ್ನು ಮಾತ್ರ ಸೇರಿಸುವಂತೆ ನಿಯಮ ಬದಲಾಯಿತು. "ಕಾರಣ ಹೇಳದ ಪದಬದಲಾವಣೆ ತೆಗೆದುಕೊಳ್ಳುವುದಿಲ್ಲ" ಎಂದು ಮೊದಲೇ ಬರೆದಿದ್ದರೆ ಬೇಡ ಎನ್ನುವಾಗ ಯಾರ ಮನಸ್ಸಿಗೂ ನೋವಾಗುವುದಿಲ್ಲ.

ಎಷ್ಟು ದಿನದಲ್ಲಿ ಉತ್ತರ ಕೊಡುತ್ತೀರಿ ಎಂದು ಬರೆಯಿರಿ, ನಡೆಸಲು ಆಗುವ ಮಾತನ್ನೇ ಬರೆಯಿರಿ. ನಮ್ಮಲ್ಲಿ ಹೀಗಿದೆ: ಬೇಸಿಗೆಯಲ್ಲಿ ಮೂರು ದಿನ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತು ದಿನ, ಕೊಯ್ಲಿನ ಸಮಯದಲ್ಲಿ ಒಂದು ವಾರ. ಮಳೆಗಾಲದ ಹತ್ತು ದಿನ ಯಾಕೆ ಎಂದೂ ಬರೆದಿದ್ದೇವೆ. ಕಾರಣ ಗೊತ್ತಾದರೆ ಜನ ಕಾಯುತ್ತಾರೆ.

ನಡವಳಿಕೆ ಮತ್ತು ಬೀಗದ ಕೈ

ಕೋಡ್ ಆಫ್ ಕಾಂಡಕ್ಟಿಗೆ ಕೊರಲೀನ್ ಅಡಾ ಎಮ್ಕಿ 2014ರಲ್ಲಿ ಬರೆದ ಕಾಂಟ್ರಿಬ್ಯೂಟರ್ ಕವೆನೆಂಟ್ ಎಂಬ ಮಾದರಿಯನ್ನು ಬಹಳ ಪ್ರಾಜೆಕ್ಟುಗಳು ಬಳಸುತ್ತವೆ. ನಾವೂ ಅದನ್ನೇ ತೆಗೆದುಕೊಂಡೆವು. ಕಷ್ಟ ಇರುವುದು ದೂರು ಯಾರಿಗೆ ಹೇಳಬೇಕು ಎಂಬಲ್ಲಿ. ನಮ್ಮ ಕಡೆ ಎಲ್ಲರೂ ಎಲ್ಲರಿಗೂ ನೆಂಟರು, ಇಲ್ಲವೇ ಒಂದೇ ಕಾಲೇಜಿನವರು. ಒಬ್ಬರದೇ ಹೆಸರು ಕೊಟ್ಟರೆ, ತೊಂದರೆ ಕೊಟ್ಟವನು ಅವರ ಭಾವನೇ ಆಗಿರಬಹುದು. ಆಗ ಯಾರೂ ಬಾಯಿ ಬಿಡುವುದಿಲ್ಲ. ಇಬ್ಬರ ಹೆಸರು ಕೊಡಿ, ಬೇರೆ ಬೇರೆ ಊರಿನವರು, ಒಬ್ಬರಾದರೂ ಮಹಿಳೆ ಇರಲಿ. ದೂರು ಬಂದ ಮೇಲೆ ಏನು ಮಾಡುತ್ತೀರಿ ಎಂದು ನಾಲ್ಕು ಸಾಲಿನಲ್ಲಿ ಬರೆಯಿರಿ.

ಯಾರು ತೀರ್ಮಾನ ಮಾಡುತ್ತಾರೆ, ಕೋಡ್ ಸೇರಿಸುವ ಹಕ್ಕು ಯಾರಿಗೆ, ಅದು ಹೇಗೆ ಸಿಗುತ್ತದೆ ಎಂಬುದೂ ಬರಹದಲ್ಲಿರಬೇಕು. ನಾಲ್ಕು ಜನರ ಪ್ರಾಜೆಕ್ಟಿಗೆ ಇದೆಲ್ಲ ಯಾಕೆ ಎಂದು ಅನ್ನಿಸಬಹುದು. ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ಸಾಫ್ಟ್‌ವೇರ್ ಬಹುಕಾಲ ಒಬ್ಬರ ಹೆಗಲ ಮೇಲೇ ಇತ್ತು. ಅವರು ದಣಿದಿದ್ದಾಗ ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಯಾರೋ ಸಹಾಯಕ್ಕೆ ಬಂದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ನಂಬಿಕೆ ಗಳಿಸಿದರು, ಹಕ್ಕು ಪಡೆದರು, ಆಮೇಲೆ ಕಳ್ಳದಾರಿ ಸೇರಿಸಿದರು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಲಾಗಿನ್ ಸ್ವಲ್ಪ ನಿಧಾನ ಆಗುತ್ತಿದೆ ಎಂದು ಬೆನ್ನು ಹತ್ತಿ ಹೋಗಿ ಅದನ್ನು ಕಂಡುಹಿಡಿದರು. ಬರೆದಿಟ್ಟ ನಿಯಮದಿಂದ ಅದು ಖಂಡಿತ ತಪ್ಪುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಭಾರ ಒಬ್ಬರ ಮೇಲೇ ಇದ್ದು, ಬೀಗದ ಕೈ ಕೊಡುವ ಕ್ರಮ ಎಲ್ಲೂ ಬರೆದಿಲ್ಲದಿದ್ದರೆ ಒತ್ತಡಕ್ಕೆ ಮಣಿಯುವುದು ಸುಲಭ. ನಮ್ಮ ನಿಯಮ ಸರಳ: ಇಬ್ಬರು ನೋಡದೆ ಯಾವ ಕೋಡೂ ಸೇರುವುದಿಲ್ಲ, ನಮ್ಮ ಕೋಡೂ ಸೇರಿ. ಹೊಸಬರಿಗೆ ಹಕ್ಕು ಕೊಡಲು ಮೂವರು ಒಪ್ಪಬೇಕು, ಒಬ್ಬರಾದರೂ ಅವರನ್ನು ಮುಖತಃ ಅಥವಾ ವಿಡಿಯೋದಲ್ಲಿ ಭೇಟಿ ಮಾಡಿರಬೇಕು.

ದೊಡ್ಡ ತೀರ್ಮಾನಗಳಿಗೆ ಒಂದು ಫೈಲ್ ಇಡಿ. ದಿನಾಂಕ, ಪ್ರಶ್ನೆ, ಏನು ತೀರ್ಮಾನವಾಯಿತು, ಯಾಕೆ. ಒಂದಕ್ಕೆ ಐದು ಸಾಲು ಸಾಕು. ಫೋನಿನಲ್ಲಿ ಮಾತಾಡಿ ಮುಗಿಸಿದ್ದನ್ನು ಅದೇ ದಿನ ಇಲ್ಲಿ ಬರೆಯಿರಿ. ಇಲ್ಲದಿದ್ದರೆ ಒಂದು ವರ್ಷದ ಮೇಲೆ ಅದೇ ಚರ್ಚೆ ಮೊದಲಿನಿಂದ ಶುರುವಾಗುತ್ತದೆ, ನಿಮಗೂ ಕಾರಣ ಮರೆತಿರುತ್ತದೆ.

ಹಳತಾಗದ ಹಾಗೆ

ಬರೆದದ್ದು ಕೋಡಿನ ಜೊತೆ ಅದೇ ರೆಪಾಸಿಟರಿಯಲ್ಲಿರಲಿ. ಬೇರೆ ಎಲ್ಲೋ ಇಟ್ಟರೆ ಕೋಡ್ ಒಂದು ಕಡೆ, ಬರಹ ಒಂದು ಕಡೆ ಹೋಗುತ್ತದೆ. ಜೊತೆಗಿದ್ದರೆ ನೆಟ್ ಇಲ್ಲದಾಗಲೂ ಓದಬಹುದು. ಪುಲ್ ರಿಕ್ವೆಸ್ಟ್ ಟೆಂಪ್ಲೇಟಿನಲ್ಲಿ "ಇದರಿಂದ ಯಾವ ಪುಟ ತಿದ್ದಬೇಕು?" ಎಂಬ ಪ್ರಶ್ನೆ ಹಾಕಿ, ಖಾಲಿ ಬಿಟ್ಟರೆ ಸೇರಿಸಬೇಡಿ. ಪ್ರತಿ ಪುಟಕ್ಕೂ ನೋಡಿಕೊಳ್ಳುವ ಒಬ್ಬರ ಹೆಸರಿರಲಿ. ಸೆಟಪ್ ಮಾಡಿ ಮುಗಿಸಿದ ಪ್ರತಿ ಹೊಸಬರಿಗೂ ನಾವು ಒಂದೇ ಕೆಲಸ ಮೊದಲು ಕೊಡುತ್ತೇವೆ: ನಿಮಗೆ ಎಲ್ಲಿ ಗೊಂದಲವಾಯಿತೋ ಆ ಸಾಲನ್ನು ತಿದ್ದಿ ಕಳಿಸಿ. ಗೊಂದಲ ನೆನಪಿರುವುದು ಒಂದೆರಡು ದಿನ ಮಾತ್ರ, ಅಲ್ವಾ? ಅದು ಆರುವ ಮೊದಲೇ ಬರೆಸಿಕೊಳ್ಳಬೇಕು.

ಇನ್ನು ಮೇ ತಿಂಗಳ ಕೊನೆಯ ಭಾನುವಾರ. ಆ ದಿನ ನಾವು ನಾಲ್ವರೂ ಫೋನಿನಲ್ಲಾದರೂ ಸೇರುತ್ತೇವೆ. ಹೊಸ ಲ್ಯಾಪ್‌ಟಾಪಿನಲ್ಲೋ ಖಾಲಿ ಮಾಡಿದ ಲ್ಯಾಪ್‌ಟಾಪಿನಲ್ಲೋ ಸೆಟಪ್ ಗೈಡನ್ನು ಮೊದಲಿನಿಂದ ಮಾಡಿ ನೋಡುತ್ತೇವೆ. ಸತ್ತ ಲಿಂಕ್ ತೆಗೆಯುತ್ತೇವೆ. ಹೊಸಬರಿಗೆ ಎತ್ತಿಟ್ಟ ಇಷ್ಯೂ ಹತ್ತಾದರೂ ಇವೆಯೇ ಎಂದು ಎಣಿಸುತ್ತೇವೆ, ಇಲ್ಲದಿದ್ದರೆ ಅಂದೇ ಬರೆಯುತ್ತೇವೆ. ರಿಲೀಸ್ ಮಾಡುವ ಹಕ್ಕು ಕರಾವಳಿಯಲ್ಲಿ ಒಬ್ಬರಿಗೆ, ಘಟ್ಟದ ಮೇಲೆ ಒಬ್ಬರಿಗೆ, ಬೆಂಗಳೂರಿನಲ್ಲಿ ಒಬ್ಬರಿಗೆ ಇದೆಯೇ, ಪಾಸ್‌ವರ್ಡ್ ಕೆಲಸ ಮಾಡುತ್ತಿದೆಯೇ ಎಂದು ಒಬ್ಬೊಬ್ಬರೂ ಲಾಗಿನ್ ಆಗಿ ನೋಡುತ್ತೇವೆ. ಸೆಪ್ಟೆಂಬರ್‌ವರೆಗೆ ಪ್ರಶ್ನೆಗಳಿಗೆ ಉತ್ತರ ಕೊಡುವವರ ಹೆಸರನ್ನು ರೀಡ್‌ಮಿಯ ಮೇಲ್ಭಾಗದಲ್ಲಿ ಹಾಕುತ್ತೇವೆ. ಈ ಸಲ ಕಾರವಾರದವರ ಸರದಿ.